ಹಸುವಿಗೆ ಹಾಕದ ಹುಲ್ಲು

ಭದ್ರಮ್ಮನ ಕುರಿಗಳು ಯಾರ ಹೊಲಕ್ಕೂ ತಾವಾಗಿ ಇಳಿಯುತ್ತಿರಲಿಲ್ಲ. ಬದುವಿನ ಮೇಲೆ ಒತ್ತೊತ್ತಾಗಿ ನಿಂತು ಕಾಯುತ್ತಿದ್ದವು. ಹೊಲದ ಮನೆಯ ಹೆಂಗಸು ಒಂದು ಹಿಡಿ ರಾಗಿ ಪೈರು ಕಿತ್ತು, ಮಂದೆಯ ಮುಂದಿನ ಕುರಿಗೆ ತನ್ನ ಕೈಯಾರೆ ತಿನ್ನಿಸಬೇಕು. ಅದು ಅಗಿದು ನುಂಗಿದ ಮೇಲೆಯೇ ಭದ್ರಮ್ಮ ಕೋಲು ಎತ್ತುವುದು, ಉಳಿದ ನಲವತ್ತು ಕುರಿ ಪೈರಿಗೆ ಬಾಯಿ ಹಾಕುವುದು. ಕುದೂರಿನ ಪಕ್ಕದ ಆ ಊರಿನಲ್ಲಿ ಇದು ಲತಾಮಣಿಯ ಅತ್ತೆ ಸೊಸೆಯಾಗಿ ಬರುವ ಮೊದಲಿನಿಂದಲೂ ನಡೆದುಕೊಂಡು ಬಂದ ಪದ್ಧತಿ. ಮುಂಚೆ ಬಿತ್ತಿದ ರಾಗಿ ಮೊಣಕಾಲುದ್ದ ಬೆಳೆದು ಸೊಕ್ಕಿದಾಗ ಒಂದೇ ಒಂದು ಸಲ ಕುರಿ ಮೇಯಿಸಿದರೆ, ತುದಿ ಕಳೆದುಕೊಂಡ ಪೈರು ಬುಡದಿಂದ ನಾಲ್ಕೈದು ಹೊಸ ಕವಲಾಗಿ ತೆಂಡೆ ಒಡೆಯುತ್ತದೆ. ಕುರಿಗೆ ಹೊಟ್ಟೆ ತುಂಬುತ್ತದೆ, ಹೊಲಕ್ಕೆ ಹಿಕ್ಕೆಯ ಗೊಬ್ಬರ ಬೀಳುತ್ತದೆ.

ಸೆಪ್ಟೆಂಬರ್ ಮೂರನೆಯ ತಾರೀಖು ಬೆಳಿಗ್ಗೆ ಲತಾಮಣಿ ತನ್ನ ಹೊಲದಲ್ಲಿ ಬಗ್ಗಿ ಒಂದು ಹಿಡಿ ಪೈರು ಕಿತ್ತಳು. ಕಿತ್ತವಳು ಹಾಗೆಯೇ ನಿಂತಳು.

"ಏನವ್ವ, ಕೈಲಿಟ್ಕೊಂಡು ಪೂಜೆ ಮಾಡ್ತೀಯಾ?" ಭದ್ರಮ್ಮ ಬದುವಿನ ಮೇಲಿಂದ ನಕ್ಕಳು. ಐವತ್ತೈದು ದಾಟಿದ ಹೆಂಗಸು, ತಲೆಯ ಮೇಲೆ ಮಡಚಿದ ಟವಲು, ಸೊಂಟದಲ್ಲಿ ಎಲೆಯಡಿಕೆ ಚೀಲ. "ಬಿಸ್ಲು ಏರ್ತದೆ, ಕೊಡು ಕೊಡು."

"ಇಗೊಳ್ಳಿ ಭದ್ರಕ್ಕ," ಎಂದು ಲತಾಮಣಿ ಕೈ ಚಾಚಿದಳು. ಮುಂದಿನ ಕುರಿ, ಕಿವಿ ಅರ್ಧ ಹರಿದ ಹಳೆಯ ಹೆಣ್ಣುಕುರಿ, ಅವಳ ಅಂಗೈಯನ್ನೂ ಸೇರಿಸಿ ನೆಕ್ಕಿ ತಿಂದಿತು. ಅಂಗೈಯ ಮೇಲೆ ಅದರ ಬೆಚ್ಚನೆಯ ಜೊಲ್ಲು ಉಳಿಯಿತು. ಮಂದೆ ಇಳಿಯಿತು. ಹಿಂದೆ ಹಗ್ಗದಲ್ಲಿದ್ದ ಕರಿಮೇಕೆಯನ್ನೂ ಭದ್ರಮ್ಮ ಬಿಚ್ಚಿ ಬಿಟ್ಟಳು. "ಹೋಗೇ, ನಿಂಗೂ ಹಬ್ಬ."

ಲತಾಮಣಿ ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಮನೆಗೆ ಬಂದು ಸೋಪು ಹಾಕಿ ತೊಳೆದಳು. ಹಾಗೆ ಯಾಕೆ ತೊಳೆದೆ ಎಂದು ಆ ಹೊತ್ತಿನಲ್ಲಿ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಆ ವರ್ಷ ಕಳೆ ಕೀಳಲು ಆಳು ಸಿಕ್ಕಿರಲಿಲ್ಲ. ಪ್ರತಿವರ್ಷ ಬರುತ್ತಿದ್ದ ಹೆಣ್ಣುಮಕ್ಕಳೆಲ್ಲ ಬೆಳಿಗ್ಗೆ ಏಳಕ್ಕೆ ಬರುವ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದರು. ಭದ್ರಮ್ಮನ ಮಗಳು ಸಿಂಧು ಕೂಡ ಹತ್ತು ತಿಂಗಳ ಮಗುವನ್ನು ಅಮ್ಮನ ಬಳಿ ಬಿಟ್ಟು ಅದೇ ವ್ಯಾನು ಹತ್ತುವವಳು. ಎರಡು ಎಕರೆ ರಾಗಿಯೊಳಗೆ ಅಣ್ಣೆಸೊಪ್ಪು, ಗಿಡ, ಬಳ್ಳಿ ಎಲ್ಲ ಪೈಪೋಟಿಯಲ್ಲಿ ಎದ್ದಿದ್ದವು. ಲತಾಮಣಿಯ ಗಂಡ ಸ್ವಾಮಿ ಕೊನೆಗೆ, "ಔಷ್ದಿ ಹೊಡೆದುಬುಡ್ತೀನಿ, ನಿನ್ ಬೆನ್ನೂ ಉಳೀತದೆ," ಎಂದಿದ್ದ. ಕುದೂರಿಗೆ ಹೋಗಿ ಕಳೆನಾಶಕದ ಬಾಟಲು ತಂದವಳು ಅವಳೇ.

ಅಂಗಡಿಯ ಮುಜಾಮಿಲ್ ಬಾಟಲನ್ನು ಕಾಗದದಲ್ಲಿ ಸುತ್ತುತ್ತಾ ಹೇಳಿದ್ದ: "ಅಕ್ಕ, ಒಂದು ಮಾತು ಸರಿಯಾಗಿ ಕೇಳ್ಕೊಳ್ಳಿ. ಇದು ಹೊಡೆದ ಮೇಲೆ ಹದಿನೈದು ದಿನ ಆ ಹೊಲದ ಹುಲ್ಲು, ಪೈರು ಯಾವ್ದನ್ನೂ ದನಕ್ಕೆ ಕುರಿಗೆ ಹಾಕ್ಬೇಡಿ. ಹಾಲು ಕೊಡೋ ಪ್ರಾಣಿಗಂತೂ ಬೇಡವೇ ಬೇಡ. ಚೀಟಿಲಿ ಬರ್ದೈತೆ, ಯಾರೂ ಓದಲ್ಲ."

"ನಾನು ಓದ್ತೀನಪ್ಪ," ಎಂದಿದ್ದಳು ಲತಾಮಣಿ. ಓದಿಯೂ ಇದ್ದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಇರುವೆ ಸಾಲಿನಂಥ ಅಕ್ಷರಗಳ ಆ ಚೀಟಿಯನ್ನು ಬಿಡಿಸಿ, ಬೆರಳಿಟ್ಟು ಓದಿದ್ದಳು. ಮನೆಗೆ ಬಂದು ಅದನ್ನು ನಾಲ್ಕು ಮಡಿಕೆ ಮಾಡಿ ಸಾಸಿವೆ ಡಬ್ಬಿಯ ಕೆಳಗಿಟ್ಟಿದ್ದಳು. ಸ್ವಾಮಿಗೆ ಹೇಳಿದ್ದಳು. ಅತ್ತೆ ಶಿವಲಿಂಗಮ್ಮ ಉಪ್ಪುಸಾರಿಗೆಂದು ಅಣ್ಣೆಸೊಪ್ಪು ಕೀಳಲು ಮಂಕರಿ ಹಿಡಿದು ಹೊರಟಾಗ, "ಆ ಹೊಲದ್ದು ಬ್ಯಾಡ ಅತ್ತೆ, ಔಷ್ದಿ ಹೊಡೆದವ್ರೆ," ಎಂದು ತಡೆದಿದ್ದಳು. ಮನೆಯ ಹಸು ಗೌರಿಗೆ ಬೇರೆ ಕಡೆಯ ಬದುವಿನ ಹುಲ್ಲು ಕೊಯ್ದು ತರುತ್ತಿದ್ದಳು. ದೂರವಾದರೂ ಚಿಂತೆಯಿಲ್ಲ ಎಂದು ದಿನವೂ ಕೆರೆಯಂಚಿಗೆ ನಡೆಯುತ್ತಿದ್ದಳು.

ಇಷ್ಟೆಲ್ಲ ಎಚ್ಚರ ಮಾಡಿದವಳು, ಹಿಂದಿನ ದಿನ ಸಂಜೆ ಭದ್ರಮ್ಮ ಬಂದು "ನಾಳೆ ನಿಮ್ ರಾಗಿ ಮೇಯ್ಸುಬುಡ್ಲಾ?" ಎಂದು ಕೇಳಿದಾಗ ಗಂಡನ ಮುಖ ನೋಡಿದ್ದಳು.

"ಹೊಡೆದು ಆಗ್ಲೇ ಒಂದು ಮಳೆ ಆಯ್ತಲ್ಲ," ಎಂದಿದ್ದ ಸ್ವಾಮಿ ಒಳಗೆ ಬಂದು, ಮೆಲ್ಲಗೆ. "ಮಗೆ ಮಳೇಲಿ ಹೊಡೆದದ್ದು. ಈಗ ಹುಬ್ಬೆ ನಡೀತೈತೆ. ಒಂದು ಮಳೆ ಅಂದ್ರೆ ಹದಿನಾಕು ದಿನ. ಇನ್ನೇನು ಹೆಚ್ಚು ಕಮ್ಮಿ ಒಂದು ದಿನ."

ಅವರ ಮನೆಯಲ್ಲಿ ಬಿತ್ತನೆ, ಕುಂಟೆ, ಗೊಬ್ಬರ ಎಲ್ಲದಕ್ಕೂ ಲೆಕ್ಕ ಮಳೆಯ ಹೆಸರಿನಲ್ಲೇ. ತಾರೀಖು ಬೇಕಾಗುವುದು ಬ್ಯಾಂಕಿಗೆ, ಮಗಳ ಶಾಲೆಗೆ. ಆ ಲೆಕ್ಕ ಅವಳಿಗೂ ಹೊಸದಲ್ಲ. ಆದರೂ ಎಲ್ಲೋ ಒಂದು ಕಡೆ, ಅನ್ನದೊಳಗಿನ ಕಲ್ಲಿನ ಹಾಗೆ ಏನೋ ಹಲ್ಲಿಗೆ ಸಿಕ್ಕಿತ್ತು. ಅಗಿಯುವುದನ್ನು ನಿಲ್ಲಿಸಿ ನೋಡಬಹುದಿತ್ತು. ಅವಳು ನುಂಗಿಬಿಟ್ಟಳು. ರಾಗಿ ಮೊಣಕಾಲು ದಾಟಿತ್ತು, ಇನ್ನು ತಡವಾದರೆ ಮೇಯಿಸಿ ಪ್ರಯೋಜನವಿಲ್ಲ. ಔಷಧಿಯ ಮಾತು ತೆಗೆದರೆ ಭದ್ರಮ್ಮ ಮಂದೆಯನ್ನು ಬೇರೆಯವರ ಹೊಲಕ್ಕೆ ತಿರುಗಿಸುತ್ತಾಳೆ, ಮುಂದಿನ ವರ್ಷವೂ ಇತ್ತ ಬರುತ್ತಾಳೋ ಇಲ್ಲವೋ. ಹೀಗೆ ಸಣ್ಣಸಣ್ಣ ಕಾರಣಗಳು. ಒಂದೊಂದನ್ನೇ ಎತ್ತಿ ನೋಡಿದರೆ ಯಾವುದಕ್ಕೂ ತೂಕವಿಲ್ಲ.

ಕುರಿ ಮೇದ ಮಾರನೆಯ ದಿನ ಮಧ್ಯಾಹ್ನ ಅತ್ತೆ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಕಣ್ಣು ಮಂಜಾದರೂ ಬಾಯಿ ಮಂಜಾಗಿರಲಿಲ್ಲ.

"ಲತಾ, ನಿನ್ನೆ ಭದ್ರಿ ಕುರಿ ನಮ್ ಹೊಲ್ದಲ್ಲಿ ಮೇದ್ವಂತೆ?"

"ಹೂಂ ಅತ್ತೆ."

"ನಂಗೆ ಸೊಪ್ಪು ಕೀಳ್ಬ್ಯಾಡ ಅಂದೆ?"

"ಅದು ಆವಾಗ, ಹೊಡೆದ ಹೊಸ್ದರಲ್ಲಿ."

"ಆವಾಗ ಅಂದ್ರೆ ಯಾವಾಗಮ್ಮಿ? ಶುಕ್ರವಾರ ಅಂದೆ. ಇವತ್ತು ಗುರುವಾರ. ಇನ್ನೂ ಒಂದು ವಾರ ತುಂಬಿಲ್ಲ. ನನ್ ಬಾಯಿಗೆ ಬ್ಯಾಡ ಆಗಿದ್ದು ಕುರಿ ಬಾಯಿಗೆ ಹೆಂಗೆ ಬೇಕಾಯ್ತು? ಕುರಿಗೆ ಹೊಟ್ಟೆ ಇಲ್ವಾ?"

ಮುದುಕಿ ತಮಾಷೆಗೇ ಹೇಳಿದ್ದು. ಹೇಳಿ ತನ್ನ ಪಾಡಿಗೆ ಕಾಯಿ ಸುಲಿಯತೊಡಗಿದಳು. ಲತಾಮಣಿ ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ಆಗಸ್ಟ್ ಹಾಳೆಯಲ್ಲಿ ಶುಕ್ರವಾರ, ಇಪ್ಪತ್ತೊಂಬತ್ತು. ಅದರ ಚೌಕದಲ್ಲಿ ಅವಳೇ ಪೆನ್ಸಿಲಿನಲ್ಲಿ 'ಔಷಧಿ' ಎಂದು ಬರೆದಿದ್ದಳು. ಪಕ್ಕದ ಮೂವತ್ತರ ಚೌಕದಲ್ಲಿ ಸಣ್ಣ ಕೆಂಪಕ್ಷರ: ಹುಬ್ಬೆ ಮಳೆ ಆರಂಭ. ಮಗೆ ಮಳೆಯ ಕೊನೆಯ ದಿನ ಹೊಡೆದಿದ್ದರು. ಮರುದಿನವೇ ಹುಬ್ಬೆ ಹುಟ್ಟಿತ್ತು. ಕುರಿ ಇಳಿದದ್ದು ಬುಧವಾರ, ಮೂರು. ಅವಳು ಬೆರಳು ಮಡಚಿದಳು. ಐದು ದಿನ. ಇನ್ನೊಮ್ಮೆ ಮಡಚಿದಳು. ಐದೇ ದಿನ.

ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿದ ವಾಸನೆ ಬಂದಾಗಲೇ ಅವಳು ಅಲ್ಲಿಂದ ಕದಲಿದ್ದು.

ಮುಜಾಮಿಲ್‌ಗೆ ಫೋನು ಮಾಡಿದಳು. ಬೇರೆ ಯಾರದೋ ವಿಷಯ ಎನ್ನುವಂತೆ ಕೇಳಿದಳು. "ಒಂದ್ವೇಳೆ ಕುರಿ ಮೇಕೆ ತಿಂದುಬುಟ್ರೆ ಏನಾಯ್ತದಣ್ಣ?"

"ಒಂದು ಹೊತ್ತು ಮೇದ್ರೆ ಸಾಯಲ್ಲ ಅಕ್ಕ. ಮೇವು ಬಿಡ್ತಾವಾ, ಉಚ್ಚಿಕೊಳ್ತಾವಾ ನೋಡ್ಕೊಳ್ಬೇಕು. ಆದ್ರೆ ಹಾಲಿಗೆ ಎಷ್ಟು ಇಳೀತದೆ, ಎಷ್ಟು ದಿನ ಇರ್ತದೆ, ಅದು ನಂಗೊತ್ತಿಲ್ಲ. ಇಲ್ಲದ ಧೈರ್ಯ ನಾನು ಹೇಳಲ್ಲ. ಅದ್ಕೇ ಬ್ಯಾಡ ಅಂತ ಬರ್ದಿರೋದು. ಯಾರ ಕುರಿ?"

"ಯಾರ್ದೋ," ಎಂದಳು ಲತಾಮಣಿ.

ಹಾಲು. ಭದ್ರಮ್ಮನ ಕುರಿಗಳ ಹಾಲನ್ನು ಯಾರೂ ಕರೆಯುವುದಿಲ್ಲ. ಆದರೆ ಆ ಕರಿಮೇಕೆಯನ್ನು ಬೆಳಿಗ್ಗೆ ಸಂಜೆ ಕರೆಯುತ್ತಾಳೆ. ಆ ಹಾಲು ಸಿಂಧುವಿನ ಮಗುವಿಗೆ. ಅಮ್ಮ ಕೆಲಸಕ್ಕೆ ಹೋದ ಮೇಲೆ ಇಡೀ ಹಗಲು ಆ ಮಗು ಕುಡಿಯುವುದು ಅದನ್ನೇ.

ಸಂಜೆ ಸ್ವಾಮಿಗೆ ಹೇಳಿದಳು. ಅವನು ಕ್ಯಾಲೆಂಡರಿನ ಮುಂದೆ ಹೋಗಿ ನಿಂತ, ಅವಳ ಹಾಗೆಯೇ ಬೆರಳು ಮಡಚಿದ. ಮುಖ ಸಣ್ಣದಾಯಿತು. "ಥೂ... ಮಗೆ ಅಂತ ನೆನಪಿತ್ತು. ಕೊನೇ ದಿನ ಅಂತ ಹೊಳೀಲೇ ಇಲ್ಲ." ಕ್ಯಾಲೆಂಡರಿಗೆ ಬೆನ್ನು ತಿರುಗಿಸಿ, "ಕುರಿ ಚೆನ್ನಾಗವೆ, ಬೆಳಿಗ್ಗೆ ನೋಡ್ದೆ. ಏನಾಗ್ತದೆ ಬುಡು. ಈಗ ಹೋಗಿ ಹೇಳಿದ್ರೆ ಸುಮ್ನೆ ಎದೆ ಒಡ್ಕೊತಾಳೆ," ಎಂದ. ಹೇಳುವಾಗ ಹೆಂಡತಿಯ ಮುಖ ನೋಡಲಿಲ್ಲ.

ಅವಳಿಗೂ ಆ ಮಾತು ಬೇಕಾಗಿತ್ತು. ಬೇಕಾಗಿದ್ದಕ್ಕೇ ಅದನ್ನು ನಂಬಲು ಹೆದರಿದಳು.

ಶುಕ್ರವಾರ ಬೆಳಿಗ್ಗೆ ಗೌರಿಯ ಹಾಲು ಕರೆದು, ಡೈರಿಗೆ ಕೊಡುವುದರಲ್ಲಿ ಅರ್ಧ ಲೀಟರು ಬೇರೆ ತೆಗೆದು, ಸ್ಟೀಲಿನ ಟಿಫಿನ್ ಡಬ್ಬಿಗೆ ಹಾಕಿಕೊಂಡು ಭದ್ರಮ್ಮನ ಮನೆಗೆ ಹೋದಳು. ಊರಿನ ಆ ಕೊನೆಯಲ್ಲಿ ಶೀಟಿನ ಮನೆ. ಪಕ್ಕದಲ್ಲಿ ಮುಳ್ಳುಬೇಲಿಯ ಕುರಿರೊಪ್ಪ. ಭದ್ರಮ್ಮ ಬಾಗಿಲಲ್ಲಿ ಕೂತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಏನವ್ವ ಬೆಳಿಗ್ಗೇನೇ?"

"ಪಾಪುಗೆ ಹಾಲು ತಂದೆ."

"ಯಾಕೆ? ಡೈರಿಯೋರು ಬ್ಯಾಡ ಅಂದ್ರಾ?" ಭದ್ರಮ್ಮ ಗಹಗಹಿಸಿ ನಕ್ಕಳು. "ಅವ್ರು ಬ್ಯಾಡ ಅಂದಿದ್ದು ನಮ್ಗಾ?"

ಲತಾಮಣಿ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತು ಆ ನಗುವಿಗೆ ಚೆದುರಿಹೋಯಿತು. ಬಾಯಿಗೆ ಬಂದದ್ದು ಬೇರೆಯೇ. "ಹರಕೆ ಭದ್ರಕ್ಕ. ಗೌರಿಗೆ ಕರು ಹಾಕೋವಾಗ ಕಷ್ಟ ಆಗಿತ್ತಲ್ಲ, ಆವಾಗ ಅಂದ್ಕೊಂಡಿದ್ದೆ. ಹದಿನೈದು ದಿನ ಒಂದು ಕೂಸಿಗೆ ಹಾಲು ಕೊಡ್ತೀನಿ ಅಂತ."

ಭದ್ರಮ್ಮನ ನಗು ನಿಂತಿತು. ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡು ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. "ದೊಡ್ಡ ಮನ್ಸು ಕಣವ್ವ ನಿಂದು. ಊರಲ್ಲಿ ಇಷ್ಟು ಕೂಸವೆ, ನಮ್ದೇ ನೆನಪಾಯ್ತಲ್ಲ." ಒಳಗೆ ಹೋಗಿ ಡಬ್ಬಿ ತೊಳೆದು ತಂದು, ಬರಿದು ಕೊಡಬಾರದೆಂದು ಒಂದು ತುಂಡು ಬೆಲ್ಲ ಹಾಕಿ ಕೊಟ್ಟಳು.

ಆ ಬೆಲ್ಲವನ್ನು ಲತಾಮಣಿ ತಿನ್ನಲಿಲ್ಲ, ಎಸೆಯಲೂ ಇಲ್ಲ. ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟಳು. ಶನಿವಾರ ಇನ್ನೊಂದು ತುಂಡು ಬಂದಿತು. ಭಾನುವಾರ ಮತ್ತೊಂದು. ಮುಸುರೆ ತೊಳೆಯುವಾಗ, ಮಗಳಿಗೆ ಜಡೆ ಹಾಕುವಾಗ, ಹಿಟ್ಟು ತೊಳಸುವಾಗ ಅವಳ ಕಣ್ಣು ಆ ಕಡೆಗೇ ಹೋಗುತ್ತಿತ್ತು. ಮೂರು ತುಂಡು ಬೆಲ್ಲ, ಅದಕ್ಕೆ ಹತ್ತಿದ ಇರುವೆ. ಇರಲಿ, ಹೇಗೋ ಮಗುವಿನ ಹೊಟ್ಟೆಗೆ ಒಳ್ಳೆಯ ಹಾಲು ಬೀಳುತ್ತಿದೆಯಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಹದಿನೈದು ದಿನ ಹೀಗೆ ದಾಟಿಬಿಟ್ಟರೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ಭಾನುವಾರ ಹೊರಡುವಾಗ ಅವಳು ಸುಮ್ಮನಿರಲಾರದೆ ಕೇಳಿದಳು: "ಪಾಪು ಕುಡೀತದಾ ಭದ್ರಕ್ಕ?"

ಭದ್ರಮ್ಮ ಸ್ವಲ್ಪ ನಾಚಿಕೊಂಡಳು. "ಹೇಳ್ಬಾರ್ದು ಅಂದ್ಕೊಂಡಿದ್ದೆ. ಬೇಜಾರು ಮಾಡ್ಕೋಬ್ಯಾಡ. ಹಸಿನ ಹಾಲು ಇವ್ಳಿಗೆ ಒಗ್ಗಲ್ಲ ಕಣವ್ವ. ಬಾಯಿಗಿಟ್ರೆ ಫುರ್ರ್ ಅಂತ ಉಗೀತಾಳೆ, ರಾಣಿ. ಹರಕೆ ಹಾಲು ಚೆಲ್ಲೋಕಾಯ್ತದಾ? ತಾಯಿ ಸತ್ತೋದ ಒಂದು ಮರಿ ಐತಲ್ಲ, ಅದ್ಕೆ ಕುಡಿಸ್ತಿದ್ದೀನಿ. ಅದೂ ಕೂಸೇ ಅಲ್ವಾ, ನಿನ್ ಹರಕೆ ಅಲ್ಲಿಗೂ ಸಲ್ತದೆ."

"ಮತ್ತೆ ಪಾಪು?"

"ಅವ್ಳಿಗೆ ಮೇಕೆ ಹಾಲೇ ಆಗ್ಬೇಕು. ಅದೂ ನಿನ್ ಪುಣ್ಯವೇ ಅಂದ್ಕೊ. ನಿಮ್ ರಾಗಿ ಮೇದ ಮೇಲೆ ಕರಿಮೇಕೆ ಒಸಿ ಜಾಸ್ತೀನೇ ಕೊಡ್ತೈತೆ. ಎರಡು ಹೊತ್ತಿಗೆ ಆಯ್ತಿದ್ದುದು ಈಗ ಮೂರು ಹೊತ್ತಿಗೆ ಆಯ್ತದೆ."

ಮಗು ಭದ್ರಮ್ಮನ ಸೊಂಟದ ಮೇಲಿಂದ ಲತಾಮಣಿಯ ಕರಿಮಣಿ ಸರ ಹಿಡಿದು ಎಳೆಯಿತು. ಬಿಡಿಸಿಕೊಳ್ಳುವುದಕ್ಕೆಂದು ಅವಳು ಆ ಪುಟ್ಟ ಮುಷ್ಟಿಯನ್ನು ಹಿಡಿದಳು. ಒಂದೊಂದೇ ಬೆರಳು ಬಿಡಿಸುತ್ತಾ ಹೇಳಬೇಕೆಂದುಕೊಂಡಳು. ಐದೂ ಬೆರಳು ಬಿಡಿಸಿದರೂ ಹೇಳಲಾಗಲಿಲ್ಲ. "ಬತ್ತೀನಿ ಭದ್ರಕ್ಕ," ಎಂದು ಬಂದುಬಿಟ್ಟಳು.

ಅಂದು ಹಸುವಿನ ಮುಂದೆ ಕೆರೆಯಂಚಿನ ಹುಲ್ಲು ಹರವುವಾಗ ಅವಳ ಕೈ ನಿಂತಿತು. ಗೌರಿ ಚರಚರನೆ ಮೇಯುತ್ತಿತ್ತು. ಐದು ದಿನವೋ ಹದಿನಾಲ್ಕು ದಿನವೋ, ಲೆಕ್ಕ ತಪ್ಪಿದ್ದು ಗಂಡನದು ಎಂದು ಅವಳು ಇಷ್ಟು ದಿನ ಒಳಗೊಳಗೇ ಹೇಳಿಕೊಂಡು ಬಂದಿದ್ದಳು. ಆದರೆ ಕುರಿ ಮೇಯಿಸಿದ ಆ ಬುಧವಾರ ಬೆಳಿಗ್ಗೆ, ಭದ್ರಮ್ಮನ ಮಂದೆಯನ್ನು ಹೊಲಕ್ಕೆ ಇಳಿಸಿ, ಕೈ ತೊಳೆದುಕೊಂಡು, ಅವಳು ಕುಡುಗೋಲು ಹಿಡಿದು ಎಲ್ಲಿಗೆ ಹೋಗಿದ್ದಳು? ಕೆರೆಯಂಚಿಗೆ. ಮನೆಯ ಪಕ್ಕದ ಹೊಲವನ್ನು ಬಿಟ್ಟು ಅಷ್ಟು ದೂರ. ಒಂದು ಮಳೆ ಕಳೆದಿದೆ ಎಂದು ಅವಳು ನಿಜವಾಗಿ ನಂಬಿದ್ದರೆ ಅವತ್ತು ಗೌರಿಗೂ ಅಲ್ಲಿಂದಲೇ ಒಂದು ಹೊರೆ ಬರಬೇಕಿತ್ತು. ಕಾಲಿಗೆ ಗೊತ್ತಿತ್ತು, ಕೈಗೆ ಗೊತ್ತಿತ್ತು. ಬಾಯಿ ಮಾತ್ರ ಗೊತ್ತಿಲ್ಲದಂತೆ ಇತ್ತು.

ಸೋಮವಾರ ಬೆಳಿಗ್ಗೆ ಅವಳು ಹೊರಡುವ ಮೊದಲೇ ಅತ್ತೆ ಸುದ್ದಿ ತಂದಳು. ಡೈರಿಗೆ ಬಂದವರು ಹೇಳಿದರಂತೆ, ಭದ್ರಿಯ ಮೊಮ್ಮಗುವಿಗೆ ರಾತ್ರಿಯಿಂದ ಭೇದಿ. ಸಿಂಧು ಕೆಲಸಕ್ಕೆ ಹೋಗಿಲ್ಲ. "ಹಲ್ಲು ಬರೋ ವಯಸ್ಸು, ಆಯ್ತದೆ," ಎಂದಳು ಅತ್ತೆ.

ಲತಾಮಣಿ ಹಾಲಿನ ಡಬ್ಬಿ ಅಲ್ಲೇ ಬಿಟ್ಟಳು. ಸಾಸಿವೆ ಡಬ್ಬಿಯ ಕೆಳಗಿನ ಚೀಟಿ ತೆಗೆದುಕೊಂಡಳು. ಕೊಟ್ಟಿಗೆಯಲ್ಲಿದ್ದ ಗಂಡನಿಗೆ, "ಗಾಡಿ ತಗೊಂಡು ಬನ್ನಿ, ಭದ್ರಕ್ಕನ ಮನೆಗೆ," ಎಂದಷ್ಟೇ ಹೇಳಿ ನಡೆದೇ ಹೊರಟಳು.

ಭದ್ರಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಸಿಂಧು ಒಲೆಯ ಮುಂದೆ. ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಮೇಕೆ ಹಾಲು ಕಾಯುತ್ತಿತ್ತು.

"ಅದನ್ನ ಕುಡಿಸ್ಬ್ಯಾಡ ಸಿಂಧು," ಎಂದಳು ಲತಾಮಣಿ ಹೊಸ್ತಿಲಲ್ಲೇ ನಿಂತು. ಏದುಸಿರು ಬರುತ್ತಿತ್ತು.

"ಯಾಕಕ್ಕ?"

"ನಮ್ ರಾಗಿಗೆ ಔಷ್ದಿ ಹೊಡೆದಿತ್ತು. ಕಳೆ ಔಷ್ದಿ. ಹೊಡೆದು ಹದಿನೈದು ದಿನ ಮೇಯಿಸ್ಬಾರ್ದು ಅಂತ ಚೀಟಿಲಿ ಐತೆ. ಐದು ದಿನಕ್ಕೇ ನಾನು ಕುರಿ ಬುಟ್ಕೊಂಡೆ. ಒಂದು ಮಳೆ ಕಳೆದೈತೆ ಅಂದ್ಕೊಂಡ್ವಿ, ಕಳೆದಿರ್ಲಿಲ್ಲ. ಗುರುವಾರವೇ ಗೊತ್ತಾಯ್ತು ನಂಗೆ. ಹೇಳ್ಲಿಲ್ಲ. ಹರಕೆ ಅನ್ನೋದೂ ಸುಳ್ಳು."

ಪಾತ್ರೆಯಲ್ಲಿ ಹಾಲು ಮೇಲೇರಿತು. ಸಿಂಧು ಗಬಕ್ಕನೆ ಇಳಿಸಿದಳು.

ಭದ್ರಮ್ಮ ಚೀಟಿಗೆ ಕೈ ಚಾಚಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ಲತಾಮಣಿಯ ಮುಖವನ್ನೇ ನೋಡಿ, ಏರದ ಇಳಿಯದ ದನಿಯಲ್ಲಿ ಒಂದೇ ಒಂದು ಮಾತು ಕೇಳಿದಳು:

"ನಿನ್ ಹಸುಗೆ ಹಾಕಿದ್ಯಾ ಆ ಹುಲ್ಲ?"

ಲತಾಮಣಿ ಬೇರೆ ಎಲ್ಲ ಪ್ರಶ್ನೆಗೂ ಉತ್ತರ ಹುಡುಕಿಕೊಂಡು ಬಂದಿದ್ದಳು.

"ಇಲ್ಲ," ಎಂದಳು.

ಭದ್ರಮ್ಮ ತಲೆಯಾಡಿಸಿದಳು. ಎದ್ದು, ಮಗುವನ್ನು ಮಗಳ ಕೈಗೆ ಕೊಟ್ಟು, ಬಿಸಿ ಪಾತ್ರೆಯನ್ನು ಸೆರಗಲ್ಲಿ ಹಿಡಿದು ಹೊರಗೆ ಹೋಗಿ ತಿಪ್ಪೆಗೆ ಸುರಿದಳು. ಒಂದು ಹನಿ ಉಳಿಯದಂತೆ ಪಾತ್ರೆ ಕೊಡವಿದಳು. ಬೈದಿದ್ದರೆ ಲತಾಮಣಿ ತಲೆ ಬಗ್ಗಿಸಿ ನಿಂತು ಕೇಳುತ್ತಿದ್ದಳು. ಬೈಗುಳ ಬೀಳಲಿಲ್ಲ.

ಬೈದವಳು ಸಿಂಧು. "ನಾನು ಮಗು ಬುಟ್ಟು ದುಡಿಯಾಕೆ ಹೋಗೋದು ಇದ್ಕೇನಕ್ಕ? ಕಳೆ ಕೀಳೋಕೆ ನಾವು ಬರ್ಲಿಲ್ಲ ಅಂತ ಹಿಂಗೆ ಮಾಡಿದ್ರಾ?" ಎಂದು ಅತ್ತಳು. ಸ್ವಾಮಿ ಬೈಕು ತಂದು ನಿಲ್ಲಿಸಿ, ಆ ಮಾತಿನ ಕೊನೆಗೆ ಸರಿಯಾಗಿ ಬಾಗಿಲಿಗೆ ಬಂದ. "ತಪ್ಪು ನಂದವ್ವ, ಲೆಕ್ಕ ತಪ್ಪಿದ್ದು ನಾನು," ಎಂದ. ಸಿಂಧು ಅವನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಮಗುವನ್ನು ಅಪ್ಪಿಕೊಂಡು ಅವನ ಗಾಡಿಯನ್ನೇ ಹತ್ತಿದಳು, ಬೇರೆ ಗಾಡಿ ಇರಲಿಲ್ಲ. ಲತಾಮಣಿ ಹಿಂದೆಯೇ ಬಸ್ಸಿನಲ್ಲಿ ಹೋದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಲತಾಮಣಿ ಚೀಟಿ ಮುಂದಿಟ್ಟು, ಎಂದು ಹೊಡೆದದ್ದು, ಎಂದು ಮೇದದ್ದು, ಮಗು ಎಷ್ಟು ದಿನ ಕುಡಿದದ್ದು ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಡಾಕ್ಟರಮ್ಮ ಚೀಟಿಯನ್ನು ಕೊನೆಯವರೆಗೂ ಓದಿದರು.

"ಮಗು ಚುರುಕಾಗೇ ಇದೆ. ಭೇದಿ ಇದರಿಂದಲೇ ಅಂತ ಹೇಳೋಕಾಗಲ್ಲ, ಅಲ್ಲ ಅಂತಲೂ ನಾನು ಹೇಳಲ್ಲ. ಒಳಗೆ ಹಲ್ಲೂ ಒತ್ತುತ್ತಿದೆ. ಆ ಮೇಕೆ ಹಾಲು ಹತ್ತು ದಿನ ಬೇಡ. ಈ ಪುಡಿ ನೀರಲ್ಲಿ ಕಲಸಿ ಕೊಡ್ತಾ ಇರಿ. ಮಂಕಾದ್ರೆ ಕೂಡಲೇ ಕರ್ಕೊಂಡು ಬನ್ನಿ," ಎಂದರು. ಆಮೇಲೆ ಸಿಂಧುವನ್ನಲ್ಲ, ಲತಾಮಣಿಯನ್ನು ನೋಡಿ, "ಗೊತ್ತಾದ ದಿನವೇ ಬಂದಿದ್ರೆ ಒಳ್ಳೇದಿತ್ತು," ಎಂದರು.

"ಹೂಂ," ಎಂದಳು ಲತಾಮಣಿ.

ಎರಡು ದಿನದಲ್ಲಿ ಭೇದಿ ನಿಂತಿತು. ಯಾತರಿಂದ ಬಂದಿತ್ತು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಹಲ್ಲಿನದೇ ಎಂದಳು ಅತ್ತೆ. ಒಂದು ವಾರದ ಮೇಲೆ ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿತು ಕೂಡ. ಲತಾಮಣಿ ಆ ಹಲ್ಲನ್ನು ತನ್ನ ಪರವಾದ ಸಾಕ್ಷಿಯೆಂದು ಹಿಡಿಯಲಿಲ್ಲ.

ಹತ್ತು ದಿನದ ಲೆಕ್ಕವನ್ನು ಭದ್ರಮ್ಮ ಯಾರ ಕೈಗೂ ಬಿಡಲಿಲ್ಲ. ಕುರಿಕೂದಲಿನ ಹುರಿಗೆ ಹತ್ತು ಗಂಟು ಹಾಕಿ ಬಾಗಿಲ ಮೊಳೆಗೆ ನೇತುಹಾಕಿದಳು, ದಿನಕ್ಕೊಂದು ಬಿಚ್ಚಿದಳು. ಲತಾಮಣಿ ದಿನವೂ ಬೆಳಿಗ್ಗೆ ಹೋದಳು. ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಗೌರಿಯ ಹಾಲಿಗೆ ಮುಕ್ಕಾಲು ಪಾಲು ನೀರು ಬೆರೆಸಿ ಕಾಯಿಸಿ ನೋಡಿದಳು, ಮಗು ಉಗುಳಿತು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನಲ್ಲಿ ರಾಗಿಸರಿ ಕಾಯಿಸಿ ಅದಕ್ಕೆ ನಾಲ್ಕು ಚಮಚ ಹಾಲು ಸೇರಿಸಿದಳು. ಅದು ಹಳೆಯ ರಾಗಿ, ಹೋದ ವರ್ಷದ್ದು, ಔಷಧಿ ಕಾಣದ್ದು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಹಾಲುಣಿಸುವ ಒಳಲೆಯ ಮೂತಿಯನ್ನು ತುಟಿಗೆ ಮುಟ್ಟಿಸಿ, ಉಗುಳಿದರೆ ಒರೆಸಿ, ಮತ್ತೆ ಮುಟ್ಟಿಸಿ, ಗುನುಗಿ, ಬೇಲಿಯ ಮೇಲಿನ ಗುಬ್ಬಿ ತೋರಿಸಿ, ಮತ್ತೆ ಮುಟ್ಟಿಸಿ ಕೂತಳು. ತನ್ನ ಮಗಳಿಗೂ ಅವಳು ಹೀಗೆಯೇ ಉಣಿಸಿದ್ದು. ನಾಲ್ಕನೆಯ ದಿನ ಮಗು ಒಂದು ಒಳಲೆ ಪೂರ್ತಿ ಕುಡಿದು, ಅವಳ ಕರಿಮಣಿ ಹಿಡಿದುಕೊಂಡೇ ನಿದ್ದೆ ಹೋಯಿತು.

ಭದ್ರಮ್ಮ ನೋಡಿದಳು. ಡಬ್ಬಿ ತೊಳೆದು ಕೊಟ್ಟಳು. ಡಬ್ಬಿ ಬರಿದಾಗಿತ್ತು. ಬೆಲ್ಲವಿರಲಿಲ್ಲ.

ಹುಬ್ಬೆ ಕಳೆದು ಉತ್ತರೆ ಬಂದಿತು. ಕೊನೆಯ ಗಂಟು ಬಿಚ್ಚಿ ಎರಡು ದಿನವಾಗಿತ್ತು. ಕುರಿ ತುದಿ ಕಡಿದ ಪೈರು, ಅತ್ತೆಯ ಕಾಲದಲ್ಲಿಯೂ ಒಡೆಯದಷ್ಟು ತೆಂಡೆ ಒಡೆದಿತ್ತು. ನೋಡಿದವರೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಲತಾಮಣಿಗೆ ಸೆರಗು ಎಳೆದುಕೊಂಡು ಒಳಗೆ ಹೋಗಬೇಕು ಅನ್ನಿಸುತ್ತಿತ್ತು. ಹೊಲದ ಸುತ್ತ ಬದುವಿನ ಹುಲ್ಲು ಸೊಂಪಾಗಿ ಬೆಳೆದು ಬಾಗಿತ್ತು. ಕೊಯ್ಯುವವರಿಲ್ಲದೆ ಹೂ ಬಿಟ್ಟಿತ್ತು.

ಅವಳು ಭದ್ರಮ್ಮನಿಗೆ ಹೇಳಿಕಳಿಸಲಿಲ್ಲ. ತಾನೇ ಹೋದಳು. "ಭದ್ರಕ್ಕ, ಔಷ್ದಿ ಹೊಡೆದು ಇವತ್ತಿಗೆ ಇಪ್ಪತ್ಮೂರು ದಿನ. ಕ್ಯಾಲೆಂಡ್ರಲ್ಲಿ ಎಣಿಸಿವ್ನಿ, ಅತ್ತೆ ಕೈಲೂ ಎಣಿಸಿವ್ನಿ. ಬದಿನ ಹುಲ್ಲು ಐತೆ. ಬರೋದು ಬುಡೋದು ನಿಮ್ಗೆ ಬುಟ್ಟಿದ್ದು."

ಹತ್ತು ಗಂಟೆಯ ಹೊತ್ತಿಗೆ ಮಂದೆ ಬಂದು ಹೊಲದ ಅಂಚಿನಲ್ಲಿ ನಿಂತಿತು. ಹರಿದ ಕಿವಿಯ ಕುರಿ ಮುಂದೆ. ಹಿಂದೆ ಹಗ್ಗದಲ್ಲಿ ಕರಿಮೇಕೆ. ಭದ್ರಮ್ಮ ಕೋಲಿನ ಮೇಲೆ ಗಲ್ಲವಿಟ್ಟು ನಿಂತಳು. ಸಾವನದುರ್ಗದ ಕಡೆಯಿಂದ ಮೋಡ ಏಳುತ್ತಿತ್ತು.

ಲತಾಮಣಿ ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತಳು. ಕುರಿ ಮೂತಿ ಚಾಚಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಒಸಿ ಇರಿ ಭದ್ರಕ್ಕ," ಎಂದು ಹುಲ್ಲನ್ನು ಹಿಡಿದೇ ಮನೆಯ ಕಡೆ ಓಡುನಡಿಗೆಯಲ್ಲಿ ಹೋದಳು. ಹೋದವಳು ಗೌರಿಯ ಹಗ್ಗ ಹಿಡಿದುಕೊಂಡು ಬಂದಳು. ಹಸು ಬದುವಿನ ಮೇಲೆ ಭದ್ರಮ್ಮನ ಎದುರಿಗೇ ಬಂದು ನಿಂತಿತು. ಲತಾಮಣಿ ಮುಷ್ಟಿ ಬಿಚ್ಚಿದಳು. ಗೌರಿ ನಾಲಿಗೆ ಸುತ್ತಿ ಎಳೆದುಕೊಂಡು ಅಗಿಯಿತು. ಇನ್ನೊಂದು ಹಿಡಿ ಕಿತ್ತು ಕೊಟ್ಟಳು. ಮತ್ತೊಂದು. ಭದ್ರಮ್ಮ ಹಸುವಿನ ಗಂಟಲನ್ನೇ ನೋಡುತ್ತಿದ್ದಳು, ನುಂಗಿದ್ದು ಇಳಿಯುವವರೆಗೂ.

"ಸಂಜೆ ಕರೆಯೋ ಹಾಲು ಯಾರಿಗೆ?" ಎಂದಳು.

"ನಮ್ ಹುಡ್ಗಿಗೆ. ಡೈರಿಗೆ ಇವತ್ತು ಹಾಕಲ್ಲ."

ಭದ್ರಮ್ಮ ಗಲ್ಲದ ಕೆಳಗಿನಿಂದ ಕೋಲು ತೆಗೆದಳು. ಆಮೇಲೆ, "ಮುಂದಿನ ಕುರಿಗೆ ಕೊಡು ಮತ್ತೆ, ಕಾಯ್ತೈತೆ," ಎಂದಳು.

ಲತಾಮಣಿ ನಾಲ್ಕನೆಯ ಹಿಡಿಯನ್ನು ಹರಿದ ಕಿವಿಯ ಕುರಿಯ ಬಾಯಿಗಿಟ್ಟಳು. ಅದು ಅಂಗೈ ಸಮೇತ ನೆಕ್ಕಿತು. ಅವಳು ಕೈ ಒರೆಸಿಕೊಳ್ಳಲಿಲ್ಲ. ಭದ್ರಮ್ಮ ಕೋಲು ಎತ್ತಿದಳು. ನಲವತ್ತು ಕುರಿ ಬದುವಿನುದ್ದಕ್ಕೂ ಹರಡಿ ತಲೆ ತಗ್ಗಿಸಿದವು.

ಕರಿಮೇಕೆ ಮುಂದಕ್ಕೆ ಜಗ್ಗಿತು, ಒಂದು ಸಲ ಕೂಗಿತು. ಭದ್ರಮ್ಮ ಅದರ ಹಗ್ಗವನ್ನು ಬಿಚ್ಚಲಿಲ್ಲ. ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಮಡಿಲಲ್ಲಿ ಮನೆಯಿಂದ ತಂದಿದ್ದ ಹಲಸಿನ ಸೊಪ್ಪನ್ನು ಒಂದೊಂದೇ ಎಲೆ ತೆಗೆದು ಅದಕ್ಕೆ ತಿನ್ನಿಸತೊಡಗಿದಳು.

ಲತಾಮಣಿ ಅದನ್ನು ನೋಡಿದಳು. ಗೌರಿಯ ಕೊರಳಿನ ಮೇಲೆ ಕೈಯಿಟ್ಟುಕೊಂಡು, ಮಂದೆ ಆ ತುದಿ ಮುಟ್ಟುವವರೆಗೂ ಅಲ್ಲೇ ನಿಂತಿದ್ದಳು.